ಹೊರಬೀಡಿನ ದಿನ ತೋರಿಸಿದ ಪಾರ್ಕು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಊರುಗಳಲ್ಲಿ ನಾನು ಜೂನಿಯರ್ ಇಂಜಿನಿಯರಾಗಿ ಕೆಲಸ ಮಾಡಿದ್ದೇನೆ. ಚರಂಡಿ, ಸೇತುವೆ, ನೀರಿನ ಟ್ಯಾಂಕು, ಸಂತೆಕಟ್ಟೆ ಎಲ್ಲ ಕಟ್ಟಿಸಿದ್ದೇನೆ. ಪಾರ್ಕು ಅಂತ ಮಾಡಿಸಿದ್ದು ಮಾತ್ರ ಒಂದೇ. ಅದು ಈ ಐದರಲ್ಲಿ ಯಾವ ಊರಿನದು ಎಂದು ಹೇಳುವುದಿಲ್ಲ. ಅಲ್ಲಿನವರು ಇನ್ನೂ ಅಲ್ಲೇ ಇದ್ದಾರೆ, ಅವರಿಗೆ ಹೇಳದಿದ್ದರೂ ಗೊತ್ತಾಗುತ್ತದೆ.

ತೊಂಬತ್ತರ ದಶಕದ ನಡುವಿನ ಮಾತು. ಹರಪನಹಳ್ಳಿ ಇನ್ನೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ನನಗೆ ಮೂವತ್ತೂ ತುಂಬಿರಲಿಲ್ಲ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಹೆಣ್ಣು ಇಂಜಿನಿಯರು ಎಂದರೆ ಕಂಟ್ರಾಕ್ಟರುಗಳು ಮುಖ ತಿರುಗಿಸಿ ನಗುತ್ತಿದ್ದ ಕಾಲ. ನಾನು ನಗಿಸಿಕೊಳ್ಳುವವಳಲ್ಲ ಎಂದು ತೋರಿಸುವುದರಲ್ಲೇ ನನ್ನ ಅರ್ಧ ದಿನ ಕಳೆದುಹೋಗುತ್ತಿತ್ತು. ಒಂದು ಕೆಲಸ ಹಿಡಿದರೆ ಬಿಡುತ್ತಿರಲಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೆ. ಈಗ ಹೇಳುವಾಗ ನಾಚಿಕೆಯಾಗುತ್ತದೆ.

ಆ ಪಟ್ಟಣ ಬೆಳೆಯುತ್ತಾ ಬೆಳೆಯುತ್ತಾ ಮೊದಲಿದ್ದ ಹಳ್ಳಿಯನ್ನು ನಡುವೆ ಇಟ್ಟುಕೊಂಡುಬಿಟ್ಟಿತ್ತು. ಅದಕ್ಕೆ ಹಳೇ ಊರು ಎಂದೇ ಹೆಸರು. ಕಲ್ಲುಮಣ್ಣಿನ ಮಾಳಿಗೆ ಮನೆಗಳು, ಎತ್ತಿನ ಗಾಡಿ ಹಿಡಿಯುವಷ್ಟೇ ಅಗಲದ ಓಣಿಗಳು, ತಲೆತಲಾಂತರದಿಂದ ಅಲ್ಲೇ ಇದ್ದ ಒಕ್ಕಲು ಮತ್ತು ಕೂಲಿ ಮಾಡುವ ಮನೆತನಗಳು. ಓಣಿಗಳೆಲ್ಲ ಬಂದು ಸೇರುವ ಕಡೆ ಒಂದು ಬಯಲು. ಅದೇ ನಮ್ಮ ಪಾರ್ಕು. ನಾಲ್ಕು ಬೇವಿನ ಮರ, ತುಕ್ಕು ಹಿಡಿದ ಒಂದು ಜಾರುಬಂಡಿ, ಒಂದು ಕೊಳವೆಬಾವಿ. ಸಂಜೆಯಾದರೆ ಹಳೇ ಊರಿಗೆ ಹಳೇ ಊರೇ ಅಲ್ಲಿ ಬಂದು ಕೂರುತ್ತಿತ್ತು. ಹೆಂಗಸರು ಅಕ್ಕಿ ಆರಿಸುತ್ತಿದ್ದರು, ಗಂಡಸರು ಬೀಡಿ ಹಚ್ಚುತ್ತಿದ್ದರು, ಮಕ್ಕಳು ಜಾರುಬಂಡಿಯಲ್ಲಿ ಚಡ್ಡಿ ಹರಿದುಕೊಂಡು ಬೈಸಿಕೊಳ್ಳುತ್ತಿದ್ದರು.

ಅದನ್ನು ನೋಡಿಕೊಳ್ಳಲು ಪಟ್ಟಣ ಪಂಚಾಯಿತಿ ಒಬ್ಬ ಮಾಲಿಯನ್ನು ಇಟ್ಟಿತ್ತು. ಹಳೇ ಊರಿನವನೇ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವನು. ವರ್ಷಗಳಿಂದ ದಿನಗೂಲಿಯಲ್ಲೇ ಇದ್ದ, ಯಾವ ದಿನ ಬೇಡ ಎಂದರೂ ಮನೆಗೆ ಹೋಗಬೇಕಾದವನು. ಹಡಗಲಿಯಿಂದ ಮಲ್ಲಿಗೆಯ ಕಡ್ಡಿ ತಂದು ಕೊಳವೆಬಾವಿಯ ಪಕ್ಕ ಹಚ್ಚಿದ್ದ. ಗಿಡದ ಮೊಗ್ಗನ್ನು ತೋರಿಸುವಾಗ ಬೆರಳು ಚಾಚುತ್ತಿರಲಿಲ್ಲ, ಬಾಡುತ್ತದೆಂದು. ಬೆರಳು ಮಡಿಚಿ, ಗೆಣ್ಣಿನಿಂದ ತೋರಿಸುತ್ತಿದ್ದ. ನಾನು ನಗುತ್ತಿದ್ದೆ. ಅವನೂ ನಗುತ್ತಿದ್ದ, ಆದರೆ ಬೆರಳು ಮಾತ್ರ ಬಿಚ್ಚುತ್ತಿರಲಿಲ್ಲ.

ಆ ವರ್ಷ ಜಿಲ್ಲೆಯಿಂದ ಒಂದು ಯೋಜನೆ ಬಂತು. ಸಣ್ಣ ಪಟ್ಟಣದ ಪಾರ್ಕು ಸುಧಾರಿಸಲು ಅನುದಾನ, ಆದರೆ ನಮ್ಮ ಐದು ಊರುಗಳಲ್ಲಿ ಒಂದಕ್ಕೆ ಮಾತ್ರ. ಆಯ್ಕೆಯಾದ ಪಾರ್ಕಿಗೆ ಒಬ್ಬ ಖಾಯಂ ಮಾಲಿಯ ಹುದ್ದೆಯೂ ಇತ್ತು. ಈಗಾಗಲೇ ಅಲ್ಲಿ ಕೆಲಸ ಮಾಡುತ್ತಿರುವವನನ್ನೇ ತೆಗೆದುಕೊಳ್ಳಬಹುದು, ಆದರೆ ತಪಾಸಣೆಗೆ ಬಂದ ಅಧಿಕಾರಿ ಅವನನ್ನು ಸ್ಥಳದಲ್ಲೇ ನೋಡಿ ಬರೆದುಕೊಳ್ಳಬೇಕು. ಈ ಸಾಲು ಓದಿದ ಕೂಡಲೇ ಅವನನ್ನು ಕರೆಸಿ ಹೇಳಿದೆ. ಅವನು ನಿಂತಲ್ಲೇ ನಿಂತು ತಲೆಯ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನನಗ ಅಷ್ಟಾದ್ರ ಸಾಕ್ರಿ ಅಮ್ಮಾರ. ಮತ್ತೇನೂ ಬ್ಯಾಡ" ಎಂದ.

ಒಂದು ತಿಂಗಳು ಹಗಲೂ ಸಂಜೆಯೂ ಕೂತು ನಕ್ಷೆ ಬರೆದೆ. ಕಲ್ಲುಹಾಸಿನ ದಾರಿ, ಮಕ್ಕಳಿಗೆ ಉಯ್ಯಾಲೆ, ಮುದುಕರಿಗೆ ಒರಗುವ ಬೆಂಚು, ಮೂಲೆಯಲ್ಲಿ ಮಾಲಿಗೆ ಒಂದು ಕೋಣೆ. ಟ್ರೇಸಿಂಗ್ ಕಾಗದದ ಮೇಲೆ ಆ ಕೋಣೆಗೆ ಕಿಟಕಿ ಇಡುವಾಗ ಮಲ್ಲಿಗೆ ಕಾಣುವ ಕಡೆಗೇ ಇಟ್ಟೆ. ಇಷ್ಟು ಪ್ರೀತಿಯಿಂದ ನಾನು ಮತ್ತಾವ ನಕ್ಷೆಯನ್ನೂ ಬರೆದಿಲ್ಲ.

ತಪಾಸಣೆಯ ದಿನ ಗೊತ್ತಾಯಿತು. ಒಂದು ಮಂಗಳವಾರ. ಅಧಿಕಾರಿ ಬೆಳಿಗ್ಗೆ ಹಡಗಲಿ ನೋಡಿಕೊಂಡು, ಹಗರಿಬೊಮ್ಮನಹಳ್ಳಿಯ ಮೇಲೆ ಹಾದು, ಮಧ್ಯಾಹ್ನದ ಹೊತ್ತಿಗೆ ನಮ್ಮಲ್ಲಿಗೆ ಬರುವವರು. ಪತ್ರ ಕೈಸೇರಿದ ಮಾರನೆಯ ದಿನವೇ ಹಳೇ ಊರಿನಲ್ಲಿ ಡಂಗುರ ಹೊಡೆದರು. ಅದೇ ಮಂಗಳವಾರ ಹೊರಬೀಡು.

ಹೊರಬೀಡು ನಮ್ಮ ಸೀಮೆಯವರಿಗೆ ಹೊಸದಲ್ಲ. ಊರಿನಲ್ಲಿ ಜಡ್ಡುಜಾಪತ್ರೆ ಹೆಚ್ಚಿದಾಗ ಹಿರಿಯರು ಒಂದು ದಿನ ಗೊತ್ತುಮಾಡುತ್ತಾರೆ. ಅವತ್ತು ಸೂರ್ಯ ಹುಟ್ಟುವ ಮುಂಚೆ ಒಲೆಗೆ ನೀರು ಹಾಕಿ, ದನಕರು ನಾಯಿ ಕೋಳಿ ಸಮೇತ ಎಲ್ಲರೂ ಊರು ಬಿಟ್ಟು ಹೊಲಗಳಲ್ಲಿ ಬೀಡು ಬಿಡಬೇಕು. ಊರಿನ ದಾರಿಗೆ ಮುಳ್ಳು ಎಳೆಯುತ್ತಾರೆ. ಹೊತ್ತು ಮುಳುಗುವ ತನಕ ಒಂದು ನರಪಿಳ್ಳೆಯೂ ಒಳಗೆ ಇರಬಾರದು. ಖಾಲಿ ಊರಿನಲ್ಲಿ ತಿನ್ನಲು ಏನೂ ಸಿಗದೆ ಕೇಡು ತಾನಾಗಿ ಹೊರಟುಹೋಗುತ್ತದೆ ಎಂದು ನಂಬಿಕೆ. ನಾನು ಬೆಳೆದದ್ದು ಹರಪನಹಳ್ಳಿ ಪಕ್ಕದ ಅರಸೀಕೆರೆಯಲ್ಲಿ. ಅಲ್ಲಿ ನಾವು ಹುಡುಗಿಯರಿಗೆ ಹೊರಬೀಡು ಎಂದರೆ ಬುತ್ತಿ ಬಿಚ್ಚಿ ಹೊಲದಲ್ಲಿ ಉಣ್ಣುವ ಹಬ್ಬ. ಹೆದರಬೇಕಾದ್ದು ಅದರಲ್ಲಿ ಏನೂ ನೆನಪಿರಲಿಲ್ಲ.

ಹಳೇ ಊರಿನ ಹಿರಿಯನ ಹತ್ತಿರ ಹೋಗಿ ದಿನ ಬದಲಿಸಿ ಎಂದೆ. ಬಿಳಿ ರುಮಾಲಿನ ಎತ್ತರದ ಮನುಷ್ಯ. ಸಿಟ್ಟು ಮಾಡಲಿಲ್ಲ. "ನಿಮ್ಮ ಸಾಹೇಬ್ರು ಬುಧವಾರ ಬರ್ಲಿ ಬಿಡ್ರಿ ತಾಯಿ. ಇದು ನಾವು ಇಟ್ಟ ದಿನ ಅಲ್ಲ" ಎಂದ. ಬಳ್ಳಾರಿಗೆ ಫೋನು ಮಾಡಿದೆ. ಸಾಹೇಬರ ಪ್ರವಾಸ ಪಟ್ಟಿ ಬದಲಾಗುವುದಿಲ್ಲ ಎಂದರು. ಎರಡೂ ಕಡೆ ಬಾಗಿಲು ಮುಚ್ಚಿದಾಗ ನನ್ನ ಸಿಟ್ಟು ಹೋಗಿ ಮಾಲಿಯ ಮೇಲೆ ಬಿತ್ತು.

"ಅವತ್ತು ಒಳಗ ಬರಂಗಿಲ್ರಿ ಅಮ್ಮಾರ" ಎಂದ ಅವನು.

"ಒಂದು ತಾಸು ಬಂದು ಹೋಗು. ಸಾಹೇಬ್ರು ನಿನ್ನ ನೋಡಬೇಕಲ್ಲ?"

"ಒಂದು ತಾಸಾದ್ರೂ ಅಷ್ಟ, ಇಡೀ ದಿನ ಆದ್ರೂ ಅಷ್ಟ ರೀ."

"ನಿನಗ ಖಾಯಂ ಆಗೋದು ಬೇಕೋ ಬ್ಯಾಡೋ? ನೀನು ಇರ್ಲಿಲ್ಲ ಅಂದ್ರ ಮಾಲಿ ಇಲ್ಲ ಅಂತ ಬರ್ಕೊಂಡು ಹೋಗ್ತಾರ. ಆಮ್ಯಾಲೆ ನನ್ನ ಮುಂದೆ ಬಂದು ಅಳಬ್ಯಾಡ."

ಅವನು ಹೊರಟುಹೋದ. ಮಾರನೆಯ ಬೆಳಿಗ್ಗೆ ಆಫೀಸಿನ ಮೆಟ್ಟಿಲ ಹತ್ತಿರ ಕಾದಿದ್ದ. ಹೆಂಡತಿಯನ್ನೂ ಕೇಳದೆ ನಾನೇ ತೀರ್ಮಾನ ಮಾಡಿದೆ ಎಂದ. ಹಿತ್ತಲ ಕಡೆಯಿಂದ ಒಳಗೆ ಬಂದು ಕೆಲಸ ಮುಗಿಸಿ ಹಾಗೇ ಹೋಗುತ್ತೇನೆ ಎಂದ. "ಆದ್ರ ಒಳಗ ನನ್ನ ಹೆಸರು ಹಿಡದು ಕರೀಬ್ಯಾಡ್ರಿ."

"ಯಾಕೆ?"

"ಮನಿ ಖಾಲಿ ಇದ್ದಾಗ ಹೆಸರು ಕೇಳಿಸ್ಕೊಳ್ಳಾದು ಬ್ಯಾರೆ ಇರ್ತೈತ್ರಿ."

ಆಗಲಿ ಎಂದೆ. ಹೆಸರು ಕರೆಯದಿದ್ದರೆ ನನ್ನ ಗಂಟೇನು ಹೋಗುತ್ತದೆ ಎಂದುಕೊಂಡೆ.

ಮಂಗಳವಾರ ಮಟಮಟ ಮಧ್ಯಾಹ್ನ ಜೀಪು ಹಳೇ ಊರಿನ ಬಾಯಿಗೆ ಬಂದು ನಿಂತಿತು. ದಾರಿಗೆ ಅಡ್ಡಲಾಗಿ ಜಾಲಿಮುಳ್ಳಿನ ಟೊಂಗೆಗಳು. ಕೊಟ್ಟೂರು ಕಡೆಯ ಡ್ರೈವರು ಇಳಿಯಲೇ ಇಲ್ಲ, ಗಾಡಿ ಬಿಸಿಯಾಗಿದೆ, ಇಲ್ಲೇ ನೋಡಿಕೊಂಡಿರುತ್ತೇನೆ ಎಂದ. ಅಧಿಕಾರಿ ಮೈಸೂರು ಕಡೆಯವರು, ನಗುಮುಖದ ಮನುಷ್ಯ. "ಏನ್ ಮೇಡಂ, ನಮ್ಮನ್ನ ಸ್ವಾಗತ ಮಾಡೋಕೆ ಮುಳ್ಳು ಹಾಕಿದೀರಾ?" ಎಂದು ಜೋರಾಗಿ ನಕ್ಕರು. ನಾನೇ ಟೊಂಗೆ ಎಳೆದು ಪಕ್ಕಕ್ಕೆ ಹಾಕಿದೆ.

ಒಳಗೆ ಹತ್ತು ಹೆಜ್ಜೆ ಇಟ್ಟ ಮೇಲೆ ಅವರು ನಗಲಿಲ್ಲ. ಮನೆಗಳ ಬಾಗಿಲಿಗೆ ಬೀಗ ಇರಲಿಲ್ಲ, ಸುಮ್ಮನೆ ಮುಂದೆ ಮಾಡಿದ್ದರು, ಚಿಲಕದಲ್ಲಿ ಒಂದೊಂದು ಬೇವಿನ ಕಡ್ಡಿ. ಪ್ರತಿ ಮನೆಯಿಂದಲೂ ತೊಯ್ದ ಬೂದಿಯ ವಾಸನೆ ಬರುತ್ತಿತ್ತು. ನಾಯಿ ಇಲ್ಲ, ಕೋಳಿ ಇಲ್ಲ, ಕೆಮ್ಮು ಇಲ್ಲ. ನಮ್ಮ ಚಪ್ಪಲಿಯ ಸದ್ದು ಎದುರು ಗೋಡೆಗೆ ಬಡಿದು ನಮ್ಮ ಹಿಂದಿನಿಂದ ಬರುತ್ತಿತ್ತು. ಇಬ್ಬರು ನಡೆಯುತ್ತಿದ್ದೆವು, ನಾಲ್ಕು ಜನ ನಡೆದಂತೆ ಕೇಳುತ್ತಿತ್ತು. ಅಧಿಕಾರಿ ಎರಡು ಸಲ ಹಿಂದಕ್ಕೆ ನೋಡಿದರು. ನಾನು ನೋಡಲಿಲ್ಲ, ಧೈರ್ಯವಿತ್ತು ಎಂದಲ್ಲ.

ಪಾರ್ಕಿನಲ್ಲಿ ಮಾಲಿ ನಿಂತಿದ್ದ. ಟವೆಲಿನಿಂದ ಎರಡೂ ಕಿವಿ ಮುಚ್ಚುವಂತೆ ತಲೆಗೆ ಸುತ್ತಿಕೊಂಡಿದ್ದ. ಅಧಿಕಾರಿ ಮೆಲ್ಲಗೆ, ಆಸ್ಪತ್ರೆಯಲ್ಲಿ ಮಾತಾಡಿದ ಹಾಗೆ ಪ್ರಶ್ನೆ ಕೇಳಿದರು. ಅವನು ತಲೆಯಾಡಿಸಿ, ಮಡಿಚಿದ ಬೆರಳಿನಿಂದ ತೋರಿಸಿ ಉತ್ತರ ಕೊಟ್ಟ. ನಲ್ಲಿ ತಿರುಗಿಸಿದ. ನೀರು ಬಿದ್ದ ಸದ್ದು ಓಣಿಗಳಲ್ಲೆಲ್ಲ ಹೋಗಿ ಬಂತು. ಮಲ್ಲಿಗೆ ನೋಡಿ ಅಧಿಕಾರಿಗೆ ಸಂತೋಷವಾಯಿತು. ನಕ್ಷೆ ಬಿಡಿಸಿ ನೋಡಿದರು, ಚೆನ್ನಾಗಿದೆ ಎಂದರು. ಕೊನೆಗೆ ಫಾರಮು ತೆಗೆದು ಕೇಳಿದರು: "ನಿನ್ನ ಹೆಸರೇನಪ್ಪ?"

ಅವನು ನನ್ನ ಮುಖ ನೋಡಿದ.

"ಹೊರಗೆ ಹೋಗಿ ಬರೆಯೋಣ ಸಾರ್" ಎಂದು ನಾನು ಹೇಳಬಹುದಿತ್ತು. ಫಾರಮು ಇಸಿದುಕೊಂಡು ನಾನೇ ತುಂಬಬಹುದಿತ್ತು. ಎಷ್ಟು ದಾರಿಗಳಿದ್ದವು ಎಂದು ಆಮೇಲೆ ವರ್ಷಗಟ್ಟಲೆ ಎಣಿಸಿದ್ದೇನೆ. ಆದರೆ ಅಧಿಕಾರಿ, "ಇವನು ನಿಜವಾಗಿ ಇಲ್ಲಿ ಕೆಲಸ ಮಾಡೋನೇನಾ? ಹೆಸರು ಹೇಳೋಕೂ ಬರಲ್ವಲ್ಲ" ಎಂದು ಪೆನ್ನು ಮುಚ್ಚಲು ಹೋದರು. ತಿಂಗಳ ಕೆಲಸ ಕಣ್ಣೆದುರೇ ಕೈಜಾರುತ್ತಿದೆ ಅನಿಸಿತು. ನನಗೆ ರೇಗಿತು. ಅವನ ಹೆಸರನ್ನು, ಅವನ ಅಪ್ಪನ ಹೆಸರು ಸೇರಿಸಿ, ಹಾಜರಿ ಕರೆಯುವಾಗ ಕೂಗುವಂತೆ ಗಟ್ಟಿಯಾಗಿ ಕೂಗಿಬಿಟ್ಟೆ.

ಆ ಕೂಗು ಓಣಿಯೊಳಗೆ ಹೋಯಿತು. ತಿರುಗಿ ಬರಲಿಲ್ಲ. ಚಪ್ಪಲಿಯ ಸದ್ದು ತಿರುಗಿ ಬಂದಿತ್ತು, ನೀರಿನ ಸದ್ದು ತಿರುಗಿ ಬಂದಿತ್ತು. ಅವನ ಹೆಸರು ಬರಲಿಲ್ಲ. ಮೂವರೂ ಕಾದೆವು. ಯಾಕೆ ಕಾಯುತ್ತಿದ್ದೇವೆ ಎಂದು ಯಾರೂ ಹೇಳಲಿಲ್ಲ.

"ಹೋತ್ರಿ" ಎಂದ ಮಾಲಿ, ಬಹಳ ಮೆಲ್ಲಗೆ.

ಅನುದಾನ ನಮಗೇ ಸಿಕ್ಕಿತು. ಅವನಿಗೆ ಖಾಯಂ ಆಯಿತು. ಆದೇಶದ ಪ್ರತಿ ಬಂದ ದಿನ ಆಫೀಸಿನ ಬಾಗಿಲಲ್ಲಿ ನಿಂತು ಅವನ ಹೆಸರು ಕರೆದೆ. ಎರಡು ಮಾರು ದೂರದಲ್ಲಿ ಕೂತಿದ್ದವನು ತಿರುಗಲಿಲ್ಲ. ಹತ್ತಿರ ಹೋಗಿ ಭುಜ ಮುಟ್ಟಿದೆ. "ಯಾರನ್ನ ಕರದ್ರಿ ಅಮ್ಮಾರ?" ಎಂದ. ಆಟವಾಡುತ್ತಿದ್ದಾನೇನೋ ಎಂದು ಮುಖ ನೋಡಿದೆ. ಆಡುತ್ತಿರಲಿಲ್ಲ.

ಅವನು ಒಳಗೆ ಬಂದು ಹೋದದ್ದು ಹಳೇ ಊರಿಗೆ ಗೊತ್ತಾಗಿತ್ತು. ಮುಳ್ಳು ಸರಿದಿತ್ತಲ್ಲ, ಮಧ್ಯಾಹ್ನ ಹೊಲದಲ್ಲಿ ಅವನೊಬ್ಬನೇ ಕಾಣಿಸಿರಲಿಲ್ಲ. ಆ ತಿಂಗಳು ಜ್ವರ ಅಲ್ಲಿಂದ ಹೋಗಲಿಲ್ಲ. ಯಾರೂ ಅವನನ್ನು ಬೈಯಲಿಲ್ಲ, ಹೊಡೆಯಲಿಲ್ಲ, ಪಂಚಾಯಿತಿ ಸೇರಿಸಲಿಲ್ಲ. ಹಾಗೆ ಮಾಡಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಅವನ ಪಕ್ಕದಲ್ಲೇ ಹಾದುಹೋಗುವಾಗ ಅಲ್ಲಿ ಒಂದು ಕಂಬ ಇದ್ದಂತೆ ಸ್ವಲ್ಪ ಸರಿದು ಹೋಗುತ್ತಿದ್ದರು, ಅಷ್ಟೇ. ನಕ್ಷೆಯಲ್ಲಿ ನಾನು ಬರೆದಿದ್ದ ಕೋಣೆ ಎದ್ದುನಿಂತ ವಾರವೇ ಅವನು ತನ್ನ ಚಾಪೆ ತಂದು ಅಲ್ಲಿ ಹಾಸಿಕೊಂಡ. ಹೆಂಡತಿ ದಿನಾ ರೊಟ್ಟಿ ಕಟ್ಟಿ ತಂದು ಕಾಂಪೌಂಡಿನ ಮೇಲೆ ಇಟ್ಟು ಹೋಗುತ್ತಿದ್ದಳು. ಒಂದು ದಿನ ಅವಳನ್ನು ನಿಲ್ಲಿಸಿ ರೇಗಿದೆ, ನೀನಾದರೂ ಮನೆಗೆ ಕರೆಯಬಾರದೇ ಎಂದು.

"ನಾನು ಕರದೀನ್ರಿ. ಅವರ ಬರವಲ್ಲರು" ಎಂದಳು. "ಮನಿಯಾಗ ಮಕ್ಕಳದಾವು, ಅವತ್ತು ನನ್ನ ಹಿಂದ ಬಂದ ಕೇಡು ಅವಕ್ಕ ಹತ್ತಬಾರ್ದು ಅಂತಾರ."

ಪಾರ್ಕು ಚೆಂದವಾಗಿತ್ತು, ಈಗಲೂ ಹೇಳುತ್ತೇನೆ. ಬಣ್ಣದ ಉಯ್ಯಾಲೆ, ಹೊಸ ಜಾರುಬಂಡಿ, ಒರಗುವ ಬೆಂಚು. ಹಳೇ ಊರಿನವರು ಮಾತ್ರ ಒಬ್ಬರೂ ಒಳಗೆ ಕಾಲಿಡಲಿಲ್ಲ. ಹೊಸ ಬಡಾವಣೆಯ ಮಕ್ಕಳು ಕೆಲವು ದಿನ ಬಂದರು, ಆಮೇಲೆ ಅವರೂ ನಿಂತರು. ಏಕೆಂದು ಕೇಳಿದರೆ ಒಂದು ಮಗು, ಅಲ್ಲಿ ಆಡುವಾಗ ಯಾರೋ ಕೇಳಿಸಿಕೊಳ್ಳುತ್ತಾರೆ ಎಂದಿತು. ನಾನು ಇಂಜಿನಿಯರಿಂಗ್ ಕಾರಣಗಳನ್ನು ಹುಡುಕಿದೆ. ಗೇಟು ಕಿರಿದಾಯಿತೇನೋ ಎಂದು ಅಗಲ ಮಾಡಿಸಿದೆ. ಕಾಂಪೌಂಡು ಎತ್ತರವಾಯಿತೇನೋ ಎಂದು ಇಳಿಸಿದೆ. ಸಂಜೆ ಐದಕ್ಕೆ ಹೋಗಿ ನೋಡಿದರೆ ಎಲ್ಲ ಬೆಂಚುಗಳೂ ಖಾಲಿ, ಮಾಲಿ ಒಬ್ಬನೇ ಗಿಡಗಳಿಗೆ ನೀರು ಬಿಡುತ್ತಿರುವನು. ಅಷ್ಟರಲ್ಲಿ ನನಗೆ ವರ್ಗವಾಯಿತು. ಸುಳ್ಳೇಕೆ ಹೇಳಲಿ, ಸಂತೋಷದಿಂದ ಹೋದೆ.

ಹತ್ತು ವರ್ಷದ ಮೇಲೆ ಮತ್ತೆ ಅದೇ ಊರಿಗೆ ಬಂದೆ. ಕೈಕಾಲಿನ ಕೀಲು ಹಿಡಿಯುವ ಚಿಕೂನ್‌ಗುನ್ಯಾ ಮನೆಮನೆಗೂ ಹೊಕ್ಕಿದ್ದ ವರ್ಷ. ಮೊದಲು ಹೋದದ್ದು ಪಾರ್ಕಿಗೆ. ಬೇವಿನ ಮರಗಳು ದೊಡ್ಡದಾಗಿದ್ದವು, ಉಯ್ಯಾಲೆಯ ಬಣ್ಣ ಬಿಸಿಲಿಗೆ ಹೋಗಿತ್ತು, ಮಕ್ಕಳು ಕೂತು ಸವೆದದ್ದಲ್ಲ. ಮಾಲಿಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಾತು ಎಷ್ಟು ಕಡಿಮೆಯಾಗಿತ್ತೆಂದರೆ, ಒಂದು ಮಾತು ಆಡುವ ಮೊದಲು ಗಂಟಲು ಸರಿಮಾಡಿಕೊಳ್ಳಬೇಕಾಗುತ್ತಿತ್ತು.

ಆ ವಾರವೇ ಡಂಗುರ ಬಿತ್ತು. ಮತ್ತೆ ಹೊರಬೀಡು. ನನಗೆ ಇದೇ ದಾರಿ ಎನಿಸಿತು. ಅವನು ಎಲ್ಲರ ಜೊತೆ ಹೊರಗೆ ಹೋಗಿ ಎಲ್ಲರ ಜೊತೆ ಒಳಗೆ ಬಂದರೆ, ಹತ್ತು ವರ್ಷದ ಹಿಂದೆ ಆದದ್ದು ಅಲ್ಲಿಗೆ ಮುಗಿಯುತ್ತದೆ, ಅವನು ಮನೆ ಸೇರುತ್ತಾನೆ. ಹಿರಿಯನ ಹತ್ತಿರ ಓಡಿದೆ. ಎತ್ತರದ ಮನುಷ್ಯ ಕೀಲುನೋವಿಗೆ ಬಾಗಿಹೋಗಿದ್ದ.

"ಬಂದ್ರ ಬರ್ಲಿ ತಾಯಿ. ನಾವು ಯಾವತ್ತು ಬ್ಯಾಡ ಅಂದೀವಿ?" ಎಂದ.

ಅಲ್ಲಿಂದ ಪಾರ್ಕಿಗೆ ಓಡಿದೆ. ಮಾಲಿ ಎಲ್ಲ ಕೇಳಿಸಿಕೊಂಡ. ಬಹಳ ಹೊತ್ತು ಗಂಟಲು ಸರಿಮಾಡಿಕೊಂಡ.

"ನಾನು ಹೋದ್ರ ಅದೂ ನನ್ನ ಹಿಂದ ಬರ್ತೈತ್ರಿ. ಅವರ ಜೋಡಿ ಹೊಲಕ್ಕ ಹೋಗಿ, ಅವರ ಜೋಡಿ ಮನಿಗೆ ಬರ್ತೈತಿ. ಇಲ್ಲೇ ಇದ್ರ ಇಲ್ಲೇ ಇರ್ತೈತಿ."

"ಅಂಥದ್ದೇನೂ ಇಲ್ಲ. ನಾನು ಅವತ್ತು ಸಿಟ್ಟಿಗೆ ಕೂಗಿದೆ, ಅಷ್ಟೇ. ತಪ್ಪು ನನ್ನದು" ಎಂದೆ. ನನಗೆ ಅಳು ಬಂತು. ಅತ್ತೆ.

"ಅಳಬ್ಯಾಡ್ರಿ. ನೀವು ನನ್ನ ಚಲೋದಕ್ಕ ಮಾಡಿದ್ರಿ" ಎಂದ. ನನ್ನನ್ನು ಬೈದಿದ್ದರೆ ಒಳ್ಳೆಯದಿತ್ತು.

ಹೊರಬೀಡಿನ ದಿನ ನಾನೂ ರಜೆ ಹಾಕಿ ಹಳೇ ಊರಿನವರ ಜೊತೆ ಹೊಲದಲ್ಲಿ ಇದ್ದೆ. ಅವನ ಹೆಂಡತಿ ನನಗೂ ಬುತ್ತಿ ತಂದಿದ್ದಳು. ಹೊತ್ತು ಇಳಿಯುವಾಗ ಎಲ್ಲರೂ ಎದ್ದು ಮುಳ್ಳಿನ ಹತ್ತಿರ ಬಂದು ನಿಂತರು. ದನಗಳು ಸುಮ್ಮನೆ ನಿಂತಿದ್ದವು. ಮುಂದೇನು ಎಂದು ಅವಳನ್ನು ಕೇಳಿದೆ. ಒಳಗೆ ಹೋಗುವ ಮುಂಚೆ ಹಿರಿಯ ಮೂರು ಸಲ ಕೂಗಿ ಕೇಳುತ್ತಾನೆ, ಒಳಗಿನಿಂದ ಉತ್ತರ ಬರದಿದ್ದರೆ ಊರು ಖಾಲಿಯಾಗಿದೆ ಎಂದು ಲೆಕ್ಕ, ಮುಳ್ಳು ತೆಗೆಯುತ್ತಾರೆ ಎಂದಳು. ಉತ್ತರ ಬಂದರೆ? "ಬಂದ್ರ ಹಂಗ ಹೋಗಾಂಗಿಲ್ರಿ. ಒಳಗಿರೋರು ಹೊರಗ ಬರೋತನ ಎಲ್ಲಾರೂ ಇಲ್ಲೇ ಇರಬೇಕು" ಎಂದಳು. ಕೀಲು ಹಿಡಿದ ಮುದುಕರು, ಹಸುಗೂಸಿನ ಬಾಣಂತಿಯರು ಎಷ್ಟೋ ಜನರಿದ್ದರು ಅಲ್ಲಿ.

ಹಿರಿಯ ಕೋಲೂರಿ ನಿಂತು ಕೂಗಿದ: "ಒಳಗ ಯಾರದೀರಿ?"

ಎಲ್ಲರಿಗೂ ಗೊತ್ತಿತ್ತು ಒಳಗೆ ಯಾರಿದ್ದಾರೆಂದು. ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಓಣಿ ಸುಮ್ಮನಿತ್ತು.

ಎರಡನೆಯ ಸಲ ಕೂಗಿದಾಗ ಅವನ ಹೆಂಡತಿ ನನ್ನ ಮಣಿಕಟ್ಟು ಹಿಡಿದಳು. ತುಟಿ ಅಲ್ಲಾಡುತ್ತಿತ್ತು. ಬಗ್ಗಿ ಕೇಳಿದೆ. "ಓ ಅನ್ನು" ಎನ್ನುತ್ತಿದ್ದಳು. "ಓ ಅನ್ನು. ಓ ಅನ್ನು." ಮೂರನೆಯ ಕೂಗು ಹೋಯಿತು. ಅವಳ ಉಗುರು ನನ್ನ ಕೈಯಲ್ಲಿ ಇಳಿಯಿತು. ಒಳಗಿನಿಂದ ಏನೂ ಬರಲಿಲ್ಲ.

"ಯಾರೂ ಇಲ್ಲ. ನಡೀರಿ" ಎಂದ ಹಿರಿಯ. ಅವನ ದನಿ ಸರಿಯಾಗಿರಲಿಲ್ಲ. ಮುಳ್ಳು ಎಳೆದರು. ದನಗಳು ನುಗ್ಗಿದವು, ಮಕ್ಕಳು ಓಡಿದರು, ಒಂದೊಂದೇ ಮನೆಯಲ್ಲಿ ಹೊಸ ಬೆಂಕಿ ಹೊತ್ತಿತು. ಅವಳು ನನ್ನ ಕೈ ಬಿಟ್ಟು ಮನೆಗೆ ಹೋದಳು.

ನಾನು ಪಾರ್ಕಿಗೆ ಹೋದೆ. ಅವನು ಮಲ್ಲಿಗೆಯ ಬುಡದಲ್ಲಿ ಪೈಪು ಹಿಡಿದು ನಿಂತಿದ್ದ.

"ಎಲ್ಲಾರೂ ಒಳಗ ಬಂದ್ರೇನ್ರಿ?" ಎಂದ.

"ಬಂದ್ರು."

"ನಾನು ಸುಮ್ನಿದ್ದದ್ದು ಚಲೋ ಆತಲ್ರಿ?"

ಹೌದು ಎಂದೆ.

"ಆಕಿ ಏನರ ಅಂದ್ಲೇನ್ರಿ?"

ಸುಳ್ಳು ಹೇಳಬಹುದಿತ್ತು. ಹತ್ತು ವರ್ಷದಲ್ಲಿ ಅವನು ತನಗಾಗಿ ನನ್ನನ್ನು ಕೇಳಿದ್ದು ಅದೊಂದೇ. ಮಣಿಕಟ್ಟಿನ ಮೇಲಿನ ಉಗುರಿನ ಗುರುತು ತೋರಿಸಿ, "ಓ ಅನ್ನು ಅಂತಿದ್ಲು" ಎಂದೆ.

ಅವನು ಆ ಗುರುತನ್ನು ನೋಡುತ್ತಾ ನಿಂತ. ಪೈಪಿನ ನೀರು ಗಿಡ ಬಿಟ್ಟು ಕಲ್ಲುಹಾಸಿನ ಮೇಲೆ ಹರಿಯಿತು. ಆಮೇಲೆ ತನ್ನ ಮನೆಯ ಓಣಿಯ ಕಡೆಗೆ ತಿರುಗಿ, ಅಂಗಳದಿಂದ ಯಾರೋ ಊಟಕ್ಕೆ ಕರೆದರೆ ಹೇಳುವಷ್ಟೇ ದನಿಯಲ್ಲಿ, "ಓ" ಎಂದ.